ಎಚ್.ಐ.ವಿ. ಚಿಕಿತ್ಸೆಯ ಚರಿತ್ರೆಯಲ್ಲಿ ರೋಗಿ ಮತ್ತು ಪರಿಚಾರಕ

೧

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಎಂಬಿವೇ ಆ ನಾಲ್ಕು. ಒಂದೊಂದು ಪಾದಕ್ಕೂ ನಾಲ್ನಾಲ್ಕು ಗುಣಗಳುಂಟು. ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಎಂಬಿವು ಪರಿಚಾರಕನ ಗುಣಗಳು. ಸ್ಮೃತಿ, ವೈದ್ಯನ ನಿರ್ದೇಶದಂತೆ ನಡೆಯುವಿಕೆ, ಅಭೀರುತ್ವ, ಜ್ಞಾಪಕತ್ವ ಎಂಬಿವು ರೋಗಿಯ ಗುಣಗಳು. ಇಲ್ಲಿ ಜ್ಞಾಪಕವೆಂಬ ಶಬ್ದಕ್ಕೆ ಕನ್ನಡದಲ್ಲಿ ರೂಢವಾಗಿರುವ ನೆನಪೆಂಬ ಅರ್ಥವಲ್ಲ. ತನ್ನ ರೋಗದ ಸ್ಥಿತಿಯನ್ನು ಮರೆಮಾಚದೆ ವೈದ್ಯನಿಗೆ ತಿಳಿಯಹೇಳುವ ಶಕ್ತಿಯೆಂದು ಅರ್ಥ. ಅಭೀರುತ್ವವೆಂದರೆ ಅಂಜದಿರುವಿಕೆ. ಈ ಎರಡು ಗುಣಗಳನ್ನು ಶಾಸ್ತ್ರಕಾರನು ರೋಗಿಯ ಸ್ವಭಾವದಲ್ಲಿಯೇ ಇರತಕ್ಕವೆಂದು ಎಣಿಸಿರುವಂತೆ ತೋರುತ್ತದೆ. ಆದರೆ ಸಮಾಜವೇ ರೋಗಿಯನ್ನು ಅಂಜಿಸಿ ಅವನ ಬಾಯಿಯನ್ನು ಕಟ್ಟಿದರೆ ಚಿಕಿತ್ಸೆಯ ಗತಿಯೇನು? ಈ ಪ್ರಶ್ನೆಗೆ ಉತ್ತರವನ್ನು ಎಚ್.ಐ.ವಿ. ಎಂಬ ವಿಷಾಣುವಿನ ನಾಲ್ಕು ದಶಕಗಳ ಚರಿತ್ರೆಯಲ್ಲಿ ಕಾಣಬಹುದಾಗಿದೆ.

ಈ ರೋಗದ ಮೊದಲ ವರದಿಯು ೧೯೮೧ನೆಯ ಇಸವಿ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಿಂದ ಹೊರಬಂದಿತು. ೧೯೮೩ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ಫ್ರಾನ್ಸ್‌ವಾಸ್ ಬಾರ್ರೆ-ಸಿನೂಸಿ ಮತ್ತು ಲುಕ್ ಮೊಂತಾನ್ಯೆ ಎಂಬವರು ತಮ್ಮ ಸಂಗಡಿಗರೊಡನೆ ವಿಷಾಣುವನ್ನು ಕಂಡುಹಿಡಿದರು. ಅದು ಹರಡುವ ಮಾರ್ಗಗಳು ಕೆಲವೇ: ರಕ್ಷೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿದ ರಕ್ತ, ಹಲವರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ ಬಸಿರಿನಲ್ಲಾಗಲಿ ಹೆರಿಗೆಯಲ್ಲಾಗಲಿ ಎದೆಹಾಲಿನಿಂದಾಗಲಿ ಬರುವುದು. ಈ ಮಾರ್ಗಗಳು ಎಲ್ಲ ದೇಶಗಳಲ್ಲಿಯೂ ಒಂದೇ. ಇದನ್ನು ತಡೆಯುವ ದ್ರವ್ಯಗಳೂ ಒಂದೇ. ಹಾಗಿದ್ದರೂ ಒಂದೆಡೆ ಫಲಿಸಿದ ಕಾರ್ಯಕ್ರಮವು ಇನ್ನೊಂದೆಡೆ ಫಲಿಸಲಿಲ್ಲ. ಇದಕ್ಕೆ ಕಾರಣವು ವೈದ್ಯನಲ್ಲಿಯೂ ದ್ರವ್ಯದಲ್ಲಿಯೂ ಇರದೆ, ಉಳಿದೆರಡು ಪಾದಗಳಲ್ಲಿ ಇದ್ದಿತೆಂಬುದನ್ನು ಕಲ್ಕತ್ತೆ, ಮಣಿಪುರ, ಕರ್ಣಾಟಕಗಳ ನಿದರ್ಶನಗಳಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಭಾರತದಲ್ಲಿ ಈ ಸೋಂಕು ಮೊದಲು ಗೊತ್ತಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ಅಲ್ಲಿನ ವೈದ್ಯಕೀಯ ಕಾಲೇಜಿನ ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿಯು ಲೈಂಗಿಕ ವೃತ್ತಿಯ ಮಹಿಳೆಯರ ರಕ್ತವನ್ನು ಸಂಗ್ರಹಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷೆ ನಡೆದು ಆರು ಮಂದಿಯಲ್ಲಿ ಸೋಂಕು ಕಂಡುಬಂದಿತು. ಇದು ಪಾಂಡಿತ್ಯಕ್ಕೂ ಧೈರ್ಯಕ್ಕೂ ಸಲ್ಲುವ ಕೀರ್ತಿಯೇ ಸರಿ. ಆದರೆ ಸೋಂಕು ಅಂಥ ಮಹಿಳೆಯರಲ್ಲಿ ಮೊದಲು ಕಂಡಿತೆಂಬ ಮಾತ್ರದಿಂದ, ಅದು ಅವರಿಂದಲೇ ಹುಟ್ಟಿತೆಂಬ ಭಾವನೆ ಜನರಲ್ಲಿ ಬೇರೂರಿತು. ಎಲ್ಲಿ ದೀಪ ಹಿಡಿದರೋ ಅಲ್ಲಿಯೇ ವಸ್ತು ಕಂಡಿತು, ಕತ್ತಲೆಯಲ್ಲಿದ್ದುದು ಇಲ್ಲವೆಂದಾಯಿತು.

ಆ ಕಾಲದ ಆಡಳಿತಕ್ಕೆ ಹೊಳೆದ ಉಪಾಯವು ಪ್ರತ್ಯೇಕಿಸಿ ಇಡುವುದು. ಗೋವೆಯ ಸಾರ್ವಜನಿಕ ಆರೋಗ್ಯ ಶಾಸನದಲ್ಲಿ ಸೋಂಕಿತರನ್ನು ಬೇರ್ಪಡಿಸಿ ಇಡಲು ಅಧಿಕಾರವಿದ್ದಿತು. ಡೊಮಿನಿಕ್ ಡಿಸೋಜ ಎಂಬ ತರುಣನು ತಾನಾಗಿಯೇ ರಕ್ತದಾನ ಮಾಡುತ್ತಿದ್ದವನು. ಆ ದಾನದ ರಕ್ತದಲ್ಲಿ ಸೋಂಕು ಕಂಡದ್ದರಿಂದ ೧೯೮೯ರಲ್ಲಿ ಅವನನ್ನು ಪೋಲೀಸರು ಕರೆದೊಯ್ದು, ಹಳೆಯ ಕ್ಷಯರೋಗಾಸ್ಪತ್ರೆಯೊಂದರಲ್ಲಿ ೬೪ ದಿನ ಒಂಟಿಯಾಗಿ ಇರಿಸಿದರು. ನ್ಯಾಯಾಲಯದ ಮೊರೆಹೊಕ್ಕು ಹೊರಬಂದ ಅವನು ತನ್ನ ಉಳಿದ ಆಯುಸ್ಸನ್ನು ಸೋಂಕಿತರ ಹಕ್ಕುಗಳಿಗಾಗಿ ವ್ಯಯಿಸಿ ೧೯೯೨ರಲ್ಲಿ ತೀರಿಕೊಂಡನು. ಈ ಪ್ರಸಂಗದ ಫಲವನ್ನು ಊಹಿಸುವುದು ಕಷ್ಟವಲ್ಲ. ದಾನಕ್ಕೆ ಬಂದವನಿಗೆ ಸೆರೆವಾಸ ದೊರೆಯುವಲ್ಲಿ ಪರೀಕ್ಷೆಗೆ ತಾನಾಗಿ ಬರುವವರಾರು? ರೋಗಿಯ ಅಭೀರುತ್ವವು ಹೋದೊಡನೆ ಜ್ಞಾಪಕತ್ವವೂ ಹೋಗುವುದು; ಆಮೇಲೆ ವೈದ್ಯನೂ ಔಷಧವೂ ಬಾಗಿಲಲ್ಲಿ ಕಾದಿರಬೇಕಾದುದೇ.

೩

ಇದಕ್ಕೆ ಬೇರೆಯಾದ ದಾರಿಯೊಂದು ೧೯೯೨ರಲ್ಲಿ ಕಲ್ಕತ್ತೆಯ ಸೋನಾಗಾಛಿಯಲ್ಲಿ ತೆರೆಯಿತು. ಅಖಿಲ ಭಾರತ ಆರೋಗ್ಯಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ಡಾಕ್ಟರ್ ಸ್ಮರಜಿತ್ ಜಾನಾ ಅವರು ಆ ವಠಾರಕ್ಕೆ ಬಂದಾಗ, ಅಲ್ಲಿನ ಸ್ತ್ರೀಯರಲ್ಲಿ ನಿರೋಧವನ್ನು ನಿಯತವಾಗಿ ಬಳಸುತ್ತಿದ್ದವರು ನೂರಕ್ಕೆ ಮೂವರಷ್ಟು ಮಾತ್ರ. ಹೊರಗಿನಿಂದ ಉಪದೇಶಕರನ್ನು ತರುವುದಕ್ಕೆ ಬದಲಾಗಿ ಅವರು ಅದೇ ವೃತ್ತಿಯ ಸ್ತ್ರೀಯರನ್ನೇ ಬೋಧಕರನ್ನಾಗಿ ನೇಮಿಸಿಕೊಂಡರು. ಈ ಓರಗೆಯ ಬೋಧಕಿಯರು ಹಸುರು ಮೇಲಂಗಿ ತೊಟ್ಟು ಮನೆಮನೆಗೆ ಹೋಗುತ್ತಿದ್ದರು. ಇವರು ಬೇಗನೆ ಕಂಡುಕೊಂಡ ಸಂಗತಿಯೇನೆಂದರೆ, ನಿರೋಧವನ್ನು ಬೇಡವೆನ್ನುವವನು ಹೆಂಗಸಲ್ಲ, ಹಣ ಕೊಡುವ ಗಿರಾಕಿ. ಒಬ್ಬಳು ಹಟ ಹಿಡಿದರೆ ಅವನು ಪಕ್ಕದ ಬಾಗಿಲಿಗೆ ಹೋಗುವನು. ಆದುದರಿಂದ ಎಲ್ಲರೂ ಒಂದೇ ಮಾತನ್ನಾಡದ ಹೊರತು ಯಾರಿಗೂ ಉಳಿವಿಲ್ಲ. ಒಂದೇ ಮಾತನ್ನಾಡಬೇಕಾದರೆ ಸಂಘ ಬೇಕು. ಬಡ್ಡಿಸಾಲದಲ್ಲಿ ಸಿಕ್ಕಿದವಳು ಯಾವ ಗಿರಾಕಿಯನ್ನೂ ಬಿಡಲಾರಳು. ಆದುದರಿಂದ ಉಳಿತಾಯದ ವ್ಯವಸ್ಥೆಯೂ ಬೇಕು.

ಹೀಗೆ ಗುಪ್ತರೋಗಗಳ ಚಿಕಿತ್ಸಾಲಯವಾಗಿ ಮೊದಲಾದುದು ೧೯೯೫ರ ಹೊತ್ತಿಗೆ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯೆಂಬ ಸಂಘವಾಗಿಯೂ, ಉಷಾ ಎಂಬ ಸಹಕಾರ ಸಂಘವಾಗಿಯೂ ಬೆಳೆಯಿತು. ಸಹಕಾರ ಸಂಘವನ್ನು ನೋಂದಾಯಿಸುವಾಗ ಶಾಸನದಲ್ಲಿದ್ದ ಸದಸ್ಯರ ನೈತಿಕ ನಡತೆಯ ನಿಬಂಧನೆಯು ಅಡ್ಡಬಂದಿತು. ಗೃಹಿಣಿಯರೆಂದು ಬರೆಯಿಸಿಕೊಂಡರೆ ಸಾಕೆಂಬ ಸಲಹೆಯನ್ನು ಅವರು ಒಪ್ಪಲಿಲ್ಲ. ಕಡೆಗೆ ನಿಬಂಧನೆಯೇ ಸಡಿಲಾಯಿತು. ತನ್ನ ಹೆಸರನ್ನು ಮುಚ್ಚಿಡದೆ ಹೇಳಿಕೊಳ್ಳುವ ಈ ನಿಲುವೇ ಜ್ಞಾಪಕತ್ವ. ೧೯೯೯ರಲ್ಲಿ ಕಾರ್ಯಕ್ರಮದ ಆಡಳಿತವೂ ಆ ಸ್ತ್ರೀಯರ ಕೈಗೇ ಬಂದಿತು. ಮುಂಬಯಿಯ ವೃತ್ತಿಮಹಿಳೆಯರಲ್ಲಿ ೧೯೯೦ರ ದಶಕದ ನಡುವಿನಲ್ಲಿ ಸೋಂಕು ಅರ್ಧವನ್ನು ಮೀರಿದ್ದಾಗ, ಸೋನಾಗಾಛಿಯಲ್ಲಿ ಅದು ಶೇಕಡ ೧೦ರ ಆಸುಪಾಸಿನಲ್ಲಿಯೇ ನಿಂತಿತು.

ಸೋನಾಗಾಛಿಯ ವಿಧಾನವನ್ನು ಎಲ್ಲೆಡೆಯೂ ಹಾಗೆಯೇ ನೆಟ್ಟರೆ ಸಾಲದೇ ಎಂದರೆ, ಸಾಲದೆಂಬುದಕ್ಕೆ ಮಣಿಪುರವೇ ಸಾಕ್ಷಿ. ಬರ್ಮದ ಗಡಿಗೆ ಹೊಂದಿದ ಆ ನಾಡಿನಲ್ಲಿ ಸೋಂಕು ಹರಡಿದ್ದು ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ತರುಣರ ಸೂಜಿಗಳಿಂದ. ೧೯೮೯ರವರೆಗೆ ಅವರಲ್ಲಿ ಕಾಣದಿದ್ದ ಸೋಂಕು ಮರುವರ್ಷವೇ ಪರೀಕ್ಷಿತರಲ್ಲಿ ಸುಮಾರು ಅರ್ಧ ಮಂದಿಗೆ ಅಂಟಿದ್ದಿತು. ಇವರಿಗೆ ವಠಾರವಿಲ್ಲ, ಒಂದೆಡೆ ನಿಲ್ಲುವ ವೃತ್ತಿಯಿಲ್ಲ. ಪೋಲೀಸರ ಭಯ ಒಂದು ಕಡೆ, ವ್ಯಸನಿಗಳನ್ನು ದಂಡಿಸುತ್ತಿದ್ದ ಬಂಡಾಯದ ಗುಂಪುಗಳ ಭಯ ಇನ್ನೊಂದು ಕಡೆ. ಚಟವನ್ನು ಬಿಟ್ಟಲ್ಲದೆ ಒಳಗೆ ಬರಬೇಡವೆಂದರೆ ಯಾರೂ ಬರುತ್ತಿರಲಿಲ್ಲ. ಆದುದರಿಂದ ಶುದ್ಧವಾದ ಸೂಜಿಯನ್ನು ಕೊಟ್ಟು ಹಳೆಯದನ್ನು ಹಿಂದಕ್ಕೆ ಪಡೆಯುವುದು, ಹೆರಾಯಿನ್ನಿಗೆ ಬದಲಾಗಿ ನಾಲಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಕೊಡುವುದು ಎಂಬ ಕ್ರಮಗಳು ಬಳಕೆಗೆ ಬಂದವು. ಹಾನಿಯನ್ನು ತಗ್ಗಿಸುವ ಈ ತತ್ತ್ವವನ್ನು ೧೯೯೬ರಲ್ಲಿ ಮಣಿಪುರ ರಾಜ್ಯವು ತನ್ನ ನೀತಿಯಲ್ಲಿ ಅಂಗೀಕರಿಸಿತು. ಇಲ್ಲಿಯೂ ಸೂಜಿಯನ್ನು ಕೈಗೆ ಕೊಟ್ಟವರು ಬಹುಮಟ್ಟಿಗೆ ಚಟವನ್ನು ದಾಟಿಬಂದ ಗೆಳೆಯರೇ. ಕಲ್ಕತ್ತೆಯಿಂದ ಮಣಿಪುರಕ್ಕೆ ಸಂದದ್ದು ಪರಿಚಾರಕನನ್ನು ರೋಗಿಗಳ ನಡುವಿನಿಂದಲೇ ಆರಿಸಬೇಕೆಂಬ ತತ್ತ್ವ. ಉಳಿದುದೆಲ್ಲವೂ ಆ ನಾಡಿನಲ್ಲಿಯೇ ಹುಟ್ಟಬೇಕಾಯಿತು.

೪

ಇನ್ನು ಕರ್ಣಾಟಕದ ವಿಷಯ. ರಾಜ್ಯದ ಏಡ್ಸ್ ನಿರೋಧ ಸಂಘವು ೧೯೯೭ರಲ್ಲಿ ಸ್ಥಾಪಿತವಾಯಿತು. ೨೦೦೧ರಲ್ಲಿ ಕೆನಡ ದೇಶದ ನೆರವಿನ ಯೋಜನೆಯೂ, ೨೦೦೩ರಲ್ಲಿ ಗೇಟ್ಸ್ ಪ್ರತಿಷ್ಠಾನದ ಆವಾಹನ್ ಎಂಬ ಯೋಜನೆಯೂ, ಅದೇ ವರ್ಷ ಕರ್ಣಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸಂಸ್ಥೆಯೂ ಬಂದವು. ಬಾಗಲಕೋಟೆ ಜಿಲ್ಲೆಯಲ್ಲಿ ೨೦೦೩ರಲ್ಲಿ ನಡೆದ ಸಮೀಕ್ಷೆಯು ಸಾಮಾನ್ಯ ಜನರಲ್ಲಿಯೇ ಸೋಂಕು ಶೇಕಡ ೩ರ ಸಮೀಪದಲ್ಲಿರುವುದನ್ನು ತೋರಿಸಿ, ಈ ರೋಗವು ದೊಡ್ಡ ಪಟ್ಟಣಗಳಿಗೆ ಸೇರಿದುದೆಂಬ ಭಾವನೆಯನ್ನು ಅಲ್ಲಗಳೆಯಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳಲ್ಲಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ದೇವದಾಸಿಯರೂ, ಬಳ್ಳಾರಿಯ ಕಡೆ ಬಸವಿಯರೂ ಇರುವ ಸಂಗತಿ ವಾಚಕರಿಗೆ ವಿದಿತವೇ ಇದೆ. ಸಮರ್ಪಣೆಯನ್ನು ನಿಷೇಧಿಸುವ ಕರ್ಣಾಟಕದ ಶಾಸನವು ೧೯೮೨ಕ್ಕೆ ಸೇರಿದ್ದು. ಶಾಸನದಿಂದ ಸಮರ್ಪಣೆಯು ಅಪರಾಧವಾಯಿತು. ಆದರೆ ಅದಕ್ಕೆ ಮೊದಲು ಸಮರ್ಪಿತರಾದವರ ಜೀವನವು ಅದರಿಂದ ಬದಲಾಗಲಿಲ್ಲ, ಗುಟ್ಟಾಗಿ ಮುತ್ತು ಕಟ್ಟುವುದೂ ಒಮ್ಮೆಗೇ ನಿಲ್ಲಲಿಲ್ಲ. ಇವರು ಸೋನಾಗಾಛಿಯ ಸ್ತ್ರೀಯರಂತೆ ವಠಾರವಾಸಿಗಳಲ್ಲ. ಹುಟ್ಟಿದ ಊರಿನಲ್ಲಿ, ತಾಯಿಯ ಮನೆಯಲ್ಲಿ, ಮಕ್ಕಳೊಡನೆ ಇರುವವರು. ಹೊಲದ ಕೂಲಿಗೂ ಹೋಗುವವರು. ಹಲವರಿಗೆ ಬಹುಕಾಲದಿಂದ ಬಂದುಹೋಗುವ ಒಬ್ಬ ಗಂಡಸುಂಟು. ಕೆಲವರು ಸಾಂಗ್ಲಿ, ಪುಣೆ, ಮುಂಬಯಿಗಳಿಗೆ ಹೋಗಿಬರುವವರು. ಗಂಡನೊಬ್ಬನಿಗೇ ನಿಷ್ಠಳಾಗಿರು ಎಂಬ ಪ್ರಚಾರವಾಕ್ಯವು ಗಂಡನೇ ಇಲ್ಲದ, ದೇವಿಗೆ ಸಂದ ಹೆಂಗಸಿಗೆ ಏನನ್ನು ತಿಳಿಸೀತು? ಆ ಬಹುಕಾಲದ ಗಂಡಸಿನೊಡನೆ ನಿರೋಧವನ್ನು ಬಳಸೆಂದರೆ, ಅವನನ್ನು ಬರಿಯ ಗಿರಾಕಿಯೆಂದು ಕರೆದಂತಾಯಿತು. ಅವಳ ಪಾಲಿಗೆ ಅದು ಆರೋಗ್ಯದ ಮಾತಲ್ಲ, ಬಾಂಧವ್ಯದ ಮಾತು. ಹಳ್ಳಿಯೊಂದರಲ್ಲಿ ಇಂಥವರು ಕೆಲವೇ ಮಂದಿ ಇರುವುದರಿಂದ ಒಂದೆಡೆ ಚಿಕಿತ್ಸಾಲಯವನ್ನು ತೆರೆದು ಕುಳಿತರೆ ಪ್ರಯೋಜನವಿಲ್ಲ. ಓರಗೆಯ ಬೋಧಕಿಯು ಊರಿಂದೂರಿಗೆ ನಡೆಯಬೇಕಾಯಿತು. ಇವರಲ್ಲಿ ಅನೇಕರು ಅಕ್ಷರವನ್ನರಿಯದವರಾದುದರಿಂದ ಲೆಕ್ಕವನ್ನು ಚಿತ್ರಗಳಿಂದ ಇಡುವ ಪದ್ಧತಿ ಬಂದಿತು. ಯಾರಿಗೆ ಎಷ್ಟು ನಿರೋಧ ಬೇಕು, ಯಾರು ವೈದ್ಯರನ್ನು ಕಂಡು ಬಹಳ ದಿನವಾಯಿತು ಎಂಬುದನ್ನು ಬೋಧಕಿಯು ತಾನೇ ಗುರುತುಹಾಕಿ ತಾನೇ ಓದಿಕೊಳ್ಳುವಳು. ಗಡಿಯಾಚೆ ಸಾಂಗ್ಲಿಯಲ್ಲಿ ೧೯೯೬ರಲ್ಲಿ ಕಟ್ಟಿದ ವ್ಯಾಂಪ್ ಎಂಬ ಸಂಘದಲ್ಲಿಯೂ ನಿಪ್ಪಾಣಿಯವರೇ ಮೊದಲಾದ ಈ ಸೀಮೆಯ ಹೆಂಗಸರು ಸೇರಿದ್ದರು.

ಮೈಸೂರಿನ ಸ್ಥಿತಿ ಇದಕ್ಕಿಂತ ಬೇರೆ. ಅಲ್ಲಿ ದೇವಿಯ ಸಂಬಂಧವೂ ಇಲ್ಲ, ವಠಾರವೂ ಇಲ್ಲ. ವೃತ್ತಿಯು ಬೀದಿಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ, ಲಾಡ್ಜುಗಳಲ್ಲಿ ನಡೆಯುವುದು. ಅಲ್ಲಿನವರ ಮೊದಲ ಭಯವು ರೋಗದ್ದಲ್ಲ, ಲಾಠಿಯದೂ ಪುಂಡರದೂ ಆಗಿದ್ದಿತು. ೨೦೦೪ರಲ್ಲಿ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಸಹಕಾರದಿಂದ ಆರಂಭವಾದ ಕೆಲಸದಿಂದ ಬೆಳೆದ ಆಶೋದಯ ಸಮಿತಿಯಲ್ಲಿ ಸ್ತ್ರೀಯರೂ ಪುರುಷರೂ ಮಂಗಳಮುಖಿಯರೂ ಒಂದುಗೂಡಿದರು. ಅವರು ಮೊದಲು ಬೇಡಿದ್ದು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿದ್ದೆ ಮಾಡಲು, ಸ್ನಾನ ಮಾಡಲು ಒಂದು ಜಾಗವನ್ನು. ಹೊಡೆತವಾದಾಗ ಕೂಡಲೇ ಓಡಿಬರುವ ಜನರನ್ನು. ಇವು ವೈದ್ಯಕೀಯವಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ೨೦೦೪ ಮತ್ತು ೨೦೦೬ರ ಸಮೀಕ್ಷೆಗಳ ನಡುವೆ ಇಲ್ಲಿನ ವೃತ್ತಿಮಹಿಳೆಯರಲ್ಲಿ ಸಿಫಿಲಿಸ್ ರೋಗವು ಶೇಕಡ ೨೫ರಿಂದ ೧೨ಕ್ಕೆ ಇಳಿಯಿತು, ಎಚ್.ಐ.ವಿ. ಸೋಂಕು ೨೬ರಿಂದ ೨೪ಕ್ಕೆ ಬಂದು ಬಹುಮಟ್ಟಿಗೆ ಇದ್ದಂತೆಯೇ ಇದ್ದಿತು, ೨೦೦೯ರ ಸಮೀಕ್ಷೆಯಲ್ಲಿ ೧೧ಕ್ಕೆ ಇಳಿದಿತ್ತು. ವೃತ್ತಿಯನ್ನು ಬಿಟ್ಟುಹೋದವರೂ ಮೃತರೂ ಹೊಸದಾಗಿ ಬಂದವರೂ ಇಂಥ ಗಣನೆಯನ್ನು ಬದಲಿಸುವರಾದುದರಿಂದ ಇಳಿತವೆಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟುವುದು ಸಲ್ಲದು. ಗುಪ್ತರೋಗಗಳು ಎರಡೇ ವರ್ಷಗಳಲ್ಲಿ ಅರ್ಧಕ್ಕಿಳಿದುದು ಮಾತ್ರ ಜನರ ನಡೆ ಬದಲಾದುದಕ್ಕೆ ಗಟ್ಟಿಯಾದ ಪ್ರಮಾಣ.

೫

ಸಮುದಾಯಕ್ಕೆ ತಕ್ಕಂತೆ ಕಾರ್ಯಕ್ರಮವನ್ನು ರೂಪಿಸುವುದೆಂದರೆ ಭಾಷೆಯನ್ನು ರೂಪಿಸುವುದೂ ಹೌದು. ಕನ್ನಡದ ಎರಡು ಶಬ್ದಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ನಿರೋಧ. ತಡೆ, ನಿಗ್ರಹ ಎಂಬ ಅರ್ಥದ ಈ ಸಂಸ್ಕೃತ ಶಬ್ದವನ್ನು ೧೯೬೮ರಲ್ಲಿ ಭಾರತ ಸರ್ಕಾರವು ಕುಟುಂಬಯೋಜನೆಯ ರಬ್ಬರಿನ ಸಾಧನವೊಂದಕ್ಕೆ ಹೆಸರಾಗಿ ಇಟ್ಟಿತು; ಕ್ರಮೇಣ ಅದೇ ಜಾತಿವಾಚಕವಾಯಿತು. ಅದರಿಂದ ತಡೆಯತಕ್ಕದ್ದು ಬಸಿರು ಎಂಬ ಅರ್ಥವೂ ಜನರಲ್ಲಿ ನೆಲೆಸಿತು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ಹೆಂಗಸಿಗೆ ನಿರೋಧದ ಮಾತನ್ನೆತ್ತಿದರೆ, ತನಗಿನ್ನೇಕೆ ಎಂದು ಅವಳು ಕೇಳುವುದು ಸಹಜ. ಹಳೆಯ ಶಬ್ದಕ್ಕೆ ಹೊಸ ಅರ್ಥವನ್ನು ಕಲಿಸುವ ಕೆಲಸವು ಭಿತ್ತಿಪತ್ರದಿಂದ ಆಗುವುದಲ್ಲ. ಪಕ್ಕದಲ್ಲಿ ಕುಳಿತು ಮಾತನಾಡುವವಳಿಂದ ಆಗತಕ್ಕದ್ದು.

ಎರಡನೆಯದು ಸೋಂಕು. ಹಳಗನ್ನಡದಲ್ಲಿ ಸೋಂಕೆಂದರೆ ಮುಟ್ಟುವುದು, ಸ್ಪರ್ಶ. ಅಲ್ಲಿಂದ ರೋಗದ ಅಂಟಿಗೆ ಆ ಹೆಸರು ಬಂದಿತು. ಈ ವಿಷಾಣುವಾದರೋ ಮುಟ್ಟುವುದರಿಂದಾಗಲಿ, ಒಟ್ಟಿಗೆ ಉಣ್ಣುವುದರಿಂದಾಗಲಿ, ಒಂದೇ ಬಾವಿಯ ನೀರು ಸೇದುವುದರಿಂದಾಗಲಿ ಹರಡುವುದಿಲ್ಲ. ಹೀಗೆ, ಮುಟ್ಟಿದರೆ ಬಾರದ ರೋಗಕ್ಕೆ ಮುಟ್ಟುವಿಕೆಯ ಹೆಸರೇ ನಿಂತಿತು. ಮುಟ್ಟು, ಮಡಿ, ಮೈಲಿಗೆ ಎಂಬ ಭಾವನೆಗಳು ಬೇರೂರಿದ ನಾಡಿನಲ್ಲಿ ಸೋಂಕಿತನೆಂಬ ಮಾತು ಕಿವಿಗೆ ಬಿದ್ದೊಡನೆ ತಟ್ಟೆ ಲೋಟಗಳು ಬೇರೆಯಾಗುವುದು ಆಶ್ಚರ್ಯವಲ್ಲ. ಶಬ್ದವನ್ನು ಬದಲಿಸುವುದು ಸುಲಭಸಾಧ್ಯವಲ್ಲದುದರಿಂದ ಆಚರಣೆಯಿಂದಲೇ ಅರ್ಥವನ್ನು ತಿದ್ದಬೇಕಾಯಿತು. ಆಶೋದಯದವರು ೨೦೦೮ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೈಸೂರಿನಲ್ಲಿ ಒಂದು ಹೋಟೆಲನ್ನು ತೆರೆದರು. ಅವರ ಕೈಯ ಅಡಿಗೆಯನ್ನು ಊರಿನ ಜನ ಉಂಡದ್ದು ನೂರು ವ್ಯಾಖ್ಯಾನಗಳಿಗೆ ಮಿಗಿಲಾದ ಅರ್ಥವಿವರಣೆ.

೬

ಚಿಕಿತ್ಸೆಯ ಚರಿತ್ರೆಯೂ ಇದೇ ತತ್ತ್ವವನ್ನು ಸಮರ್ಥಿಸುವುದು. ಹಲವು ಔಷಧಗಳನ್ನು ಕೂಡಿಸಿ ಕೊಟ್ಟರೆ ವಿಷಾಣುವು ಅಡಗುವುದೆಂದು ೧೯೯೬ರಲ್ಲಿ ಸ್ಥಿರಪಟ್ಟಿತು. ಆಗ ಅದರ ಬೆಲೆ ವರ್ಷಕ್ಕೆ ೧೦,೦೦೦ ಡಾಲರಿಗೂ ಮಿಗಿಲು. ೨೦೦೧ರಲ್ಲಿ ಭಾರತದ ಸಿಪ್ಲಾ ಕಂಪನಿಯು ಅದನ್ನು ಪರೋಪಕಾರ ಸಂಸ್ಥೆಗಳಿಗೆ ೩೫೦ ಡಾಲರಿಗೆ ಕೊಡಲು ಮುಂದೆಬಂದಿತು. ೨೦೦೪ನೆಯ ಏಪ್ರಿಲ್ ೧ರಿಂದ ಭಾರತ ಸರ್ಕಾರವು ಎಂಟು ಆಸ್ಪತ್ರೆಗಳಲ್ಲಿ ಉಚಿತವಾಗಿ ಔಷಧ ಕೊಡಲಾರಂಭಿಸಿತು. ೨೦೧೭ರಿಂದ ಸೋಂಕು ಕಂಡ ಎಲ್ಲರಿಗೂ, ರೋಗಲಕ್ಷಣಗಳನ್ನು ಕಾಯದೆ, ಕೊಡುವ ನೀತಿ ಬಂದಿತು. ಚಿಕಿತ್ಸೆಯೇ ನಿರೋಧವೂ ಹೌದೆಂಬುದು ೨೦೧೧ರ ಪ್ರಯೋಗದಿಂದ ತಿಳಿದಿತ್ತು: ಬೇಗನೆ ಔಷಧ ತೆಗೆದುಕೊಂಡವರಿಂದ ಸಂಗಾತಿಗೆ ಸೋಂಕು ಹೋಗುವುದು ಶೇಕಡ ೯೬ರಷ್ಟು ಕಡಿಮೆಯಾಗಿದ್ದಿತು.

ದ್ರವ್ಯವು ಹೀಗೆ ಸುಲಭವಾದ ಮೇಲೆಯೂ ಅದನ್ನು ಬಾಳುವವರೆಗೆ, ದಿನವೂ ತಪ್ಪದೆ, ನುಂಗಬೇಕಾದವನು ರೋಗಿ. ಅತ್ತೆಗೆ ತಿಳಿಯದಂತೆ ಸೀಸೆಯನ್ನು ಅಕ್ಕಿಯ ಡಬ್ಬದಲ್ಲಿ ಅಡಗಿಸಬೇಕಾದ ಸೊಸೆಗೂ, ಜಿಲ್ಲಾ ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ಕೂಲಿ ತಪ್ಪುವ ಆಳಿಗೂ, ಗಂಡಸರ ಸಾಲೋ ಹೆಂಗಸರ ಸಾಲೋ ಎಂದು ತಿಳಿಯದೆ ಹಿಂದಿರುಗುವ ಮಂಗಳಮುಖಿಗೂ ಒಂದೇ ಉಪದೇಶವು ಸಲ್ಲದು. ಮೊದಲನೆಯವಳಿಗೆ ಮನೆಯವರೊಡನೆ ಮಾತನಾಡಬಲ್ಲ ಹಿರಿಯಳು ಬೇಕು. ಎರಡನೆಯವನಿಗೆ ಹತ್ತಿರದ ಕೇಂದ್ರವೂ, ತಿಂಗಳುಗಟ್ಟಲೆಗೆ ಒಮ್ಮೆಗೇ ಕೊಡುವ ಔಷಧವೂ ಬೇಕು. ಮೂರನೆಯವಳಿಗೆ ಅವಳ ಹೆಸರನ್ನು ಅವಳು ಹೇಳಿದಂತೆ ಬರೆದುಕೊಳ್ಳುವ ಗುಮಾಸ್ತನೂ, ಸಂಗಡ ಬರುವ ಗೆಳತಿಯೂ ಬೇಕು.

ರೋಗಿಯ ಅಭೀರುತ್ವಕ್ಕೆ ಶಾಸನದ ಆಧಾರವು ತಡವಾಗಿ ಬಂದಿತು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಿಂಗಪರಿವರ್ತಿತರ ಸ್ವಂತ ಗುರುತನ್ನು ಮಾನ್ಯಮಾಡಿತು. ಸಮಲಿಂಗದ ವಯಸ್ಕರ ಸಮ್ಮತ ಸಂಬಂಧವು ೨೦೦೯ರಲ್ಲಿ ದೆಹಲಿಯ ತೀರ್ಪಿನಿಂದ ಅಪರಾಧವಲ್ಲವೆಂದಾಗಿ, ೨೦೧೩ರಲ್ಲಿ ಮತ್ತೆ ಅಪರಾಧವಾಗಿ, ೨೦೧೮ರಲ್ಲಿ ಕಡೆಗೂ ಆ ದೋಷದಿಂದ ಬಿಡುಗಡೆ ಹೊಂದಿತು. ಎಚ್.ಐ.ವಿ. ಕುರಿತಾದ ೨೦೧೭ರ ಶಾಸನವು ೨೦೧೮ನೆಯ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದು, ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ, ಭೇದಭಾವವನ್ನೂ ನಿಷೇಧಿಸಿತು. ಗೋವೆಯ ೬೪ ದಿನಗಳಿಂದ ಈ ಶಾಸನದವರೆಗೆ ೨೯ ವರ್ಷಗಳು ಕಳೆದಿದ್ದವು.

೭

ಈ ಪಕ್ಷಕ್ಕೆ ಎರಡು ಆಕ್ಷೇಪಗಳು ಬರುವುವು. ವೃತ್ತಿಮಹಿಳೆಯರಿಗೆ ನಿರೋಧವನ್ನೂ ವ್ಯಸನಿಗಳಿಗೆ ಸೂಜಿಯನ್ನೂ ಕೊಡುವುದು ದುರಾಚಾರಕ್ಕೆ ಸಮ್ಮತಿಯಿತ್ತಂತಾಗುವುದೆಂಬುದು ಮೊದಲನೆಯದು. ಇದು ನಿಲ್ಲಲಾರದು. ವೈದ್ಯನು ರೋಗಿಯ ಶೀಲವನ್ನು ವಿಚಾರಿಸುವುದು ಚಿಕಿತ್ಸೆಗೆ ಬೇಕಾದಷ್ಟು ಮಾತ್ರ, ತೀರ್ಪು ಹೇಳುವುದಕ್ಕಲ್ಲ. ಅಲ್ಲದೆ ಆ ಸೂಜಿಯಿಂದ, ಆ ಗಿರಾಕಿಯಿಂದ, ಸೋಂಕು ತಲಪುವುದು ಕಡೆಗೆ ಏನನ್ನೂ ಅರಿಯದ ಹೆಂಡತಿಗೆ, ಅವಳ ಬಸಿರಿನ ಶಿಶುವಿಗೆ.

ಎರಡನೆಯ ಆಕ್ಷೇಪವು ಪ್ರಬಲತರವಾದದ್ದು. ಸಮುದಾಯಗಳನ್ನು ಹೆಸರಿಸಿ ಬೇರ್ಪಡಿಸುವುದರಿಂದಲೇ ಕಳಂಕವು ಅವರಿಗೆ ಅಂಟುವುದಲ್ಲವೇ ಎಂಬುದು ಅದು. ಇದರಲ್ಲಿ ಸತ್ಯಾಂಶವುಂಟು. ಅಪಾಯದ ಗುಂಪುಗಳೆಂಬ ಮಾತು ಬಳಕೆಗೆ ಬಂದುದರಿಂದ, ಆ ಗುಂಪುಗಳಿಗೆ ಸೇರದವರು ತಮಗೆ ಅಪಾಯವಿಲ್ಲವೆಂದುಕೊಂಡರು. ಗಂಡನಿಂದ ಸೋಂಕು ಪಡೆದ ಗೃಹಿಣಿಯು ಬಸಿರಿನ ಪರೀಕ್ಷೆಯ ದಿನದವರೆಗೆ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಆದರೆ ಇದರ ಪರಿಹಾರವು ಭೇದವನ್ನು ಮರೆಯುವುದರಲ್ಲಿಲ್ಲ. ಹೆಸರಿಡುವ ಅಧಿಕಾರವು ಯಾರ ಕೈಯಲ್ಲಿರಬೇಕೆಂಬುದೇ ಮುಖ್ಯವಾದ ಪ್ರಶ್ನೆ. ಗೋವೆಯಲ್ಲಿ ಹೆಸರನ್ನು ಇತರರು ಇಟ್ಟರು, ಅದು ಸೆರೆಮನೆಯಾಯಿತು; ಕಲ್ಕತ್ತೆಯಲ್ಲಿ ಹೆಸರನ್ನು ತಾವೇ ಹೇಳಿಕೊಂಡರು, ಅದು ಸಂಘವಾಯಿತು.

ಭಾರತದಲ್ಲಿ ಇಂದು ಸುಮಾರು ೨೫ ಲಕ್ಷ ಜನರು ಈ ವಿಷಾಣುವಿನೊಡನೆ ಬಾಳುತ್ತಿದ್ದಾರೆ. ಗುಣಪಡಿಸುವ ಔಷಧವೂ ತಡೆಯುವ ಲಸಿಕೆಯೂ ಜನಸಾಮಾನ್ಯರ ಕೈಗೆ ಬಂದಿಲ್ಲ. ಆದುದರಿಂದ ಪರಿಚಾರಕನ ಕೆಲಸವು ಮುಗಿದಿಲ್ಲ. ಹೊರಗಿನ ಧನಸಹಾಯವು ಹಿಂದೆಗೆದಾಗ ಮೊದಲು ನಿಲ್ಲುವುದು ಔಷಧದ ಸರಬರಾಜಲ್ಲ, ಊರಿಂದೂರಿಗೆ ನಡೆಯುವ ಬೋಧಕಿಯ ಅಲ್ಪ ಸಂಬಳ. ಚರಕನು ನಾಲ್ಕು ಪಾದಗಳಲ್ಲಿ ವೈದ್ಯನಿಗೆ ಪ್ರಾಧಾನ್ಯ ಕೊಟ್ಟಿರುವುದು ನಿಜ. ಆದರೂ ಉಳಿದ ಮೂರನ್ನು ಪಾದಗಳೆಂದೇ ಕರೆದಿದ್ದಾನೆ. ಪಾದವೊಂದು ಕುಸಿದರೆ ಉಳಿದವು ಎಷ್ಟು ಗಟ್ಟಿಯಾಗಿದ್ದರೂ ಪೀಠವು ನಿಲ್ಲದು. ಈ ಚರಿತ್ರೆಯಲ್ಲಿ ಕುಸಿದಿದ್ದ ಪಾದಗಳೆರಡನ್ನು ಎತ್ತಿ ನಿಲ್ಲಿಸಿದವರು ಸಮಾಜವು ಮುಟ್ಟಬಾರದೆಂದು ಬದಿಗಿರಿಸಿದ್ದ ಜನರೇ. ರೋಗಿಯಾಗಿದ್ದವಳು ಪರಿಚಾರಿಕೆಯಾದಾಗ ಅನುರಾಗವನ್ನು ಅವಳಿಗೆ ಹೊರಗಿನವರು ಕಲಿಸಬೇಕಾಗಲಿಲ್ಲ.